ಬುಧವಾರದ ಸಬ್ಬತ್ತು

ಕೋಥರೂಡ, ಪುಣೆ
ಗುರುವಾರ, ೧೭ ಜುಲೈ ೨೦೨೫

ನನ್ನ ಒಬ್ಬನೇ ಮಗ ಅಮರನಿಗೆ, ಸಿಟ್ಟು ಮಾಡಿಕೊಂಡು ಕೂತಿದ್ದರೂ ನನ್ನವನೇ ಆದ ನಿನಗೆ, ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪಾ? ಸೊಂಟದ ನೋವು ಕಡಿಮೆಯಾಯಿತೋ ಇಲ್ಲವೋ? ದಿನವಿಡೀ ಕಲ್ಲಿನ ನೆಲದ ಮೇಲೆ ನಿಂತು ಚಿಕ್ಕಿ ತೂಗಿದರೆ ಸೊಂಟ ತಾನೇ ಏನು ಮಾಡೀತು, ಕಾಲ ಕೆಳಗೆ ಒಂದು ಗೋಣಿಚೀಲವಾದರೂ ಹಾಸಿಕೋ ಎಂದು ಎಷ್ಟು ಸಲ ಹೇಳಿದ್ದೇನೆ. ಮಾಧುರಿಯ ದಮ್ಮು ಹೇಗಿದೆ? ನಿಮ್ಮ ಲೋಣಾವಳದಲ್ಲಿ ಮಳೆ ಹಿಡಿದರೆ ಹಾಕಿದ ಅರಿವೆ ವಾರವಾದರೂ ಒಣಗುವುದಿಲ್ಲ. ಆ ಹಸಿ ವಾಸನೆ ಅವಳಿಗೆ ಆಗಿಬರುವುದಿಲ್ಲ, ಅಡುಗೆಮನೆಯಲ್ಲಿ ಒಲೆಯ ಹತ್ತಿರ ಹಗ್ಗ ಕಟ್ಟಿಕೊಡು. ಹರ್ಷದಾಳ ಕಾಲೇಜು ಶುರುವಾಗಿರಬೇಕು. ಅಜ್ಜಿಗೆ ಒಂದು ಫೋಟೋ ಕಳಿಸಬಾರದೇ ಆ ಹುಡುಗಿ, ನೀತಾಳ ಮೊಬೈಲಿಗೆ ಕಳಿಸಿದರೆ ನಾನು ನೋಡುತ್ತೇನೆ. ನನ್ನ ಮೊಣಕಾಲು ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ದೇವರ ಹೆಸರು ಬರುತ್ತದೆ, ಹತ್ತುವಾಗ ನಿನ್ನ ಹೆಸರು.

ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನಗಬೇಡ. ನೀನು ಫೋನು ಎತ್ತಿದ್ದರೆ ನಾನು ಪೆನ್ನು ಎತ್ತುತ್ತಿರಲಿಲ್ಲ. ನಿನ್ನ ತಂಗಿ ನೀತಾ ಮಾಡಿದರೂ ಎತ್ತುವುದಿಲ್ಲ, ನಾನು ಮಾಡಿದರೂ ಎತ್ತುವುದಿಲ್ಲ. ಮಾಧುರಿ ಎತ್ತಿ 'ದುಕಾನಾತ್ ಗರ್ದೀ ಆಹೆ, ಆಯೀ' ಅನ್ನುತ್ತಾಳೆ. ಅಂಗಡಿಯಲ್ಲಿ ಗದ್ದಲವಂತೆ, ರಾತ್ರಿ ಊಟದ ಹೊತ್ತಿಗೂ ಗದ್ದಲವಂತೆ. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಾಳೆ. ಕಾಗದವಾದರೆ ಹರಿಯುವ ಮೊದಲು ಒಂದು ಸಲ ಓದಿಯಾದರೂ ಹರಿಯುತ್ತೀಯಲ್ಲ, ಅಷ್ಟು ಸಾಕು ನನಗೆ.

ಅಪ್ಪನ ಸುದ್ದಿ ಹೇಳುತ್ತೇನೆ. ಔಷಧ ಬದಲಾಗಿದೆ, ಮರೆವು ಬದಲಾಗಿಲ್ಲ. ಕೆಲವು ಹೊತ್ತು ಎಲ್ಲ ನೆಟ್ಟಗಿರುತ್ತದೆ, ಮೂವತ್ತು ವರ್ಷದ ಹಿಂದೆ ಕೋಟು ಹೊಲಿಸಲು ಬಂದ ಯಾವ ವಕೀಲನ ಭುಜ ಎಷ್ಟು ಓರೆಯಿತ್ತೆಂದು ಹೇಳುತ್ತಾರೆ. ಕೆಲವು ಹೊತ್ತು ಏನೂ ಇಲ್ಲ. ಮೊನ್ನೆ ನೀತಾ ಆಸ್ಪತ್ರೆಯ ಡ್ಯೂಟಿ ಮುಗಿಸಿ ಅದೇ ಬಿಳಿ ಅರಿವೆಯಲ್ಲಿ ಬಂದರೆ, 'ಸಿಸ್ಟರ್, ನನ್ನ ಮಗಳು ಇನ್ನೂ ಬಂದಿಲ್ಲರೀ, ಸ್ವಲ್ಪ ನೋಡ್ತೀರೇನು' ಎಂದು ಕೇಳಿದರು. ನೀತಾ 'ನೋಡ್ತೀನ್ರೀ' ಎಂದು ಹೇಳಿ ಒಳಗೆ ಹೋಗಿ ಅತ್ತಳು. ಊಟ ಕಡಿಮೆಯಾಗಿದೆ, ನಾಲ್ಕು ತುತ್ತಿಗೆ ಬಟ್ಟಲು ಸರಿಸುತ್ತಾರೆ. ಹೃದಯವೂ ಸೋತಿದೆ, ಇರುವಷ್ಟು ದಿನ ಸಮಾಧಾನವಾಗಿಡಿ ಎಂದು ಡಾಕ್ಟರು ಹೇಳಿದ್ದಾರೆ. ನೀತಾ ಇದನ್ನು ನಿನಗೆ ಮೆಸೇಜಿನಲ್ಲಿ ಕಳಿಸಿದ್ದಾಳಂತೆ, ನೀನು ಓದಿದ ಗುರುತು ಬಿದ್ದಿದೆಯಂತೆ. ಆ ಗುರುತು ನೋಡಿ ನನಗೆ ಆದ ಸಂಕಟ ಏನೆಂದು ಹೇಳಲಿ, ಓದದೇ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ.

ಸಬ್ಬತ್ತಿನ ಗೊಂದಲ ಹೋದ ತಿಂಗಳು ನೀನು ಬಂದ ದಿನ ನಿನಗೆ ಎದುರಿಗೇ ಬಂದುಬಿಟ್ಟಿತು, ಅದು ಹೇಗೆ ಶುರುವಾಯಿತೆಂದು ನಾನು ಮೊದಲೇ ಹೇಳಬೇಕಿತ್ತು. ನಮ್ಮ ಮನೆಯ ಶುಕ್ರವಾರ ನಿನಗೆ ಗೊತ್ತು. ಹೊತ್ತು ಮುಳುಗುವುದರೊಳಗೆ ಶನಿವಾರದ ಅಡುಗೆ ಮುಗಿಯಬೇಕು, ಹೊಲಿಗೆ ಮಷಿನ್ನಿಗೆ ಮುಸುಕು ಬೀಳಬೇಕು, ಎಲ್ಲರದೂ ಸ್ನಾನವಾಗಬೇಕು. ಬೇರೆ ಕ್ರೈಸ್ತರಿಗೆ ಭಾನುವಾರ, ನಮ್ಮ ಸಭೆಯವರಿಗೆ ಅಲ್ಲಿಂದ ಶನಿವಾರ ಹೊತ್ತು ಮುಳುಗುವ ತನಕ ದೇವರ ದಿನ. ಕೊಡುವುದಿಲ್ಲ, ಕೊಳ್ಳುವುದಿಲ್ಲ, ಒಲೆ ಹೊತ್ತಿಸುವುದಿಲ್ಲ. ನನ್ನನ್ನು ಮದುವೆ ಮಾಡಿಕೊಂಡು ಬೆಟಗೇರಿಯಿಂದ ಪುಣೆಗೆ ಕರೆತಂದ ದಿನದಿಂದ ಒಂದು ವಾರವೂ ಇದು ತಪ್ಪಿದ್ದಿಲ್ಲ. ಹಾಗಿರುವಾಗ ಹೋಳಿ ಮುಗಿದ ಮೇಲೆ ಒಂದು ಮಂಗಳವಾರ ಸಂಜೆ, ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದು ಹೊರಗಿನ ಖೋಲಿಯಲ್ಲಿ ಕೂತರು. ಸಬ್ಬತ್ತು ಬಂತು, ಒಲೆ ಆರಿಸು ಅಂದರು. ಇವತ್ತು ಮಂಗಳವಾರ ಅಂದೆ. ಅವರು ಹಾಡು ಎತ್ತಿಕೊಂಡರು. ಮರುದಿನ ಬುಧವಾರ ಇಡೀ ದಿನ ವಾಕ್ಯ ಓದುತ್ತ, ಕಣ್ಣು ಮುಚ್ಚಿಕೊಳ್ಳುತ್ತ, ಶಾಂತವಾಗಿ ಕೂತಿದ್ದರು. ನಾವು ಹಿಂದಿನ ದಿನದ ಅನ್ನಕ್ಕೆ ಮೊಸರು ಕಲೆಸಿ ಉಂಡೆವು. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಬೇಸಿಗೆಯ ಗಿರಾಕಿಗಳ ಗದ್ದಲವೆಂದು ಆ ಎರಡು ಮೂರು ತಿಂಗಳು ನೀನು ಬಂದಿರಲಿಲ್ಲ.

ಅದು ಹೋಗಲಿ, ಶನಿವಾರ ಬಂದರೆ ನನ್ನ ಜೀವ ಬಾಯಿಗೆ ಬರುತ್ತದೆ. ಸಭೆಗೆ ಬನ್ನಿ ಎಂದರೆ ಬರುವುದಿಲ್ಲ. ಮಷಿನ್ನಿನ ಮುಸುಕು ಕಿತ್ತು ಕಾಲು ತುಳಿಯುತ್ತ ಕೂಡುತ್ತಾರೆ. ನೀತಾ ಸೂಜಿ ತೆಗೆದಿಟ್ಟಿದ್ದಾಳೆ, ಆದರೂ ತುಳಿಯುತ್ತಾರೆ, ಆ ಸಪ್ಪಳ ಮಧ್ಯಾಹ್ನದವರೆಗೂ ನಿಲ್ಲುವುದಿಲ್ಲ. ಸಭೆಯ ಹಿರಿಯರಾಗಿದ್ದವರು, ಸಬ್ಬತ್ತಿನ ದಿನ ಗುಂಡಿ ಹರಿದರೆ ಪಿನ್ನು ಚುಚ್ಚಿಕೊಂಡು ಬರುತ್ತಿದ್ದವರು. ಪಾಸ್ಟರು ಬಂದು ನೋಡಿ, 'ಬಿಡ್ರಿ ಅಮ್ಮಾ, ದೇವರು ಕ್ಯಾಲೆಂಡರ್ ನೋಡಂಗಿಲ್ಲ, ಮನಸ್ಸು ನೋಡತಾನ' ಅಂದರು. ಇಷ್ಟು ವರ್ಷ ಕ್ಯಾಲೆಂಡರ್ ನೋಡಿ ನೋಡಿಯೇ ನಮ್ಮ ಮನೆ ಎರಡಾಯಿತಲ್ಲ ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಂತೂ ಈಗ ನನಗೆ ವಾರಕ್ಕೆ ಎರಡು ಸಬ್ಬತ್ತು, ಒಂದು ಅವರದು, ಒಂದು ನನ್ನದು. ಕೆಳಗಿನ ಮನೆಯ ನಿಜಲಿಂಗಪ್ಪನವರಿದ್ದಾರಲ್ಲ, ಬೆಳಗಾವಿ ಕಡೆಯವರು, ವಿಭೂತಿ ಧರಿಸದೆ ನೀರು ಕುಡಿಯದವರು, ಅವರು ಬುಧವಾರ ಬೆಳಗ್ಗೆ ಮೇಲೆ ಬಂದು 'ಹ್ಯಾಪಿ ಸಬ್ಬತ್ ರೀ ಮಾಸ್ತರ' ಎಂದು ಕೈ ಕುಲುಕಿ ಹೋಗುತ್ತಾರೆ. ನಮಗ ಸೋಮವಾರ, ನಿಮಗ ಬುಧವಾರ, ದೇವರಿಗೂ ಸ್ವಲ್ಪ ಪುರುಸೊತ್ತು ಸಿಗಲಿ ಬಿಡ್ರಿ, ಎಂದು ನನಗೆ ಹೇಳಿ ನಗಿಸಿದರು. ಸಂಬಂಧವಿಲ್ಲದವರಿಗೆ ಇಷ್ಟು ಸುಲಭವಾಗಿ ಬರುವುದು ನಮಗೆ ಯಾಕೆ ಬರುವುದಿಲ್ಲವೋ.

ನಿನ್ನ ಸಿಟ್ಟು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಆ ಪರೀಕ್ಷೆಯ ಶನಿವಾರ ನಾನು ಇದೇ ಮನೆಯಲ್ಲಿದ್ದೆ. ಲೆಕ್ಕಶಾಸ್ತ್ರದ ಪೇಪರು ಶನಿವಾರ ಬಿತ್ತು. ನೀನು ಹಾಲ್ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಅಪ್ಪ ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತಿದ್ದರು. 'ಪರೀಕ್ಷಾ ವರ್ಷಾ ಬರತದ' ಅಂದರು. ನಾನು ಅವತ್ತು ಆಡಬಾರದ ಮಾತೆಲ್ಲ ಆಡಿ ಜಗಳ ತೆಗೆದೆ, ಮಾಡಿದ ಅಡುಗೆ ಯಾರೂ ಉಣ್ಣಲಿಲ್ಲ, ಆದರೂ ಕುರ್ಚಿ ಸರಿಯಲಿಲ್ಲ. ಪರೀಕ್ಷೆ ವರ್ಷ ವರ್ಷವೂ ಬಂತು, ನೀನು ಮತ್ತೆ ಬರೆಯಲಿಲ್ಲ. ಅವರು ತಮಗೂ ಬೇರೆ ನ್ಯಾಯ ಮಾಡಿಕೊಳ್ಳಲಿಲ್ಲ ಎಂಬುದನ್ನೂ ನೀನು ನೋಡಿದ್ದೀ. ಶಿವಾಜಿನಗರದ ಕೋರ್ಟಿನ ಎದುರು ಕರಿ ಕೋಟು ಹೊಲಿಯುವವನು ಶನಿವಾರ ಅಂಗಡಿ ಮುಚ್ಚಿದರೆ, ಸೋಮವಾರ ಕಟ್ಟೆ ಹತ್ತುವ ವಕೀಲ ಎಷ್ಟು ದಿನ ಕಾದಾನು? ಪಕ್ಕದ ಅಂಗಡಿಯವನು ನಮ್ಮ ಗಿರಾಕಿಗಳಿಂದಲೇ ಮನೆ ಕಟ್ಟಿಸಿದ. ಅಪ್ಪನಿಗೆ ಅದರ ಹೊಟ್ಟೆಕಿಚ್ಚು ಒಂದು ದಿನವೂ ಇರಲಿಲ್ಲ. ಆದರೆ ನೀನು ಮಾಧುರಿಯನ್ನು ಮದುವೆಯಾಗಿ ಅವರ ಮನೆಯ ಚಿಕ್ಕಿ ಅಂಗಡಿಗೆ ಕೂತೆಯಲ್ಲ, ಮುಂಬಯಿಯ ಮಂದಿ ಶನಿವಾರ ಭಾನುವಾರವೇ ಸಾಲುಗಟ್ಟುವ ಊರಿನಲ್ಲಿ, ಆಗ ಮಾತ್ರ ಅವರು ಮುರಿದುಹೋದರು. ಶನಿವಾರ ಅಂಗಡಿ ತೆರೆಯುವವನು ನನ್ನ ಮನೆಗೆ ಮಗನಾಗಿ ಬರಬೇಕಾಗಿಲ್ಲ ಅಂದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮವ್ವ ಅನ್ನುತ್ತಿದ್ದಳು. ನೀನು ನಿನ್ನ ಅಂಗಡಿಯ ರಜೆ ನೋಡಿಕೊಂಡು ತಿಂಗಳಿಗೊಂದು ಬುಧವಾರ ಬರುವುದು, ನನ್ನ ಹತ್ತಿರ ಅಡುಗೆಮನೆಯಲ್ಲಿ ಕೂತು ಮಾತಾಡುವುದು, ಅವರು ಮಷಿನ್ನಿನಿಂದ ತಲೆ ಎತ್ತದೇ ಇರುವುದು, ಹೀಗೇ ಹರ್ಷದಾ ಹುಟ್ಟಿ ದೊಡ್ಡವಳಾದಳು.

ಅವರು ಯಾಕೆ ಅಷ್ಟು ಬಿಗಿಯಾದರು ಎಂದು ನಿನಗೆ ಯಾರೂ ಹೇಳಿಲ್ಲ. ನೀನು ಅದನ್ನು ಹಟ ಎಂದುಕೊಂಡಿದ್ದೀ, ಹಟವೂ ಇತ್ತು, ಇಲ್ಲ ಅನ್ನುವುದಿಲ್ಲ. ನಿನಗೂ ನೀತಾಳಿಗೂ ನಡುವೆ ನಮ್ಮ ಶಾಂತಿ ಹುಟ್ಟಿದ್ದು ನಿನಗೆ ಮಸುಕು ಮಸುಕಾಗಿ ನೆನಪಿರಬಹುದು. ಮಾತು ಕಲಿಯುವ ಮೊದಲೇ ಜ್ವರಕ್ಕೆ ಹೋದಳು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಗೋಡೆಗೆ ತಲೆ ಹೊಡೆದುಕೊಳ್ಳುತ್ತಿದ್ದಾಗ ಅಪ್ಪ ನನ್ನ ಹತ್ತಿರ ಕೂತು ಹೇಳಿದ್ದು ನನಗೆ ಈಗಲೂ ಹಾಗೇ ಕೇಳುತ್ತದೆ. 'ನಿನ್ನ ತವರಿಂದ ವಾಪಸ್ ಬರಾಕ ನಾವು ಗದಗದಾಗ ರೈಲು ಹತ್ತೂವಾಗ ಅಮರ ನಿನ್ನ ತೊಡಿ ಮ್ಯಾಲೆ ಮಲಗಿರಲಿಲ್ಲೇನು? ಪುಣೆದಾಗ ನಾ ಎತಗೊಂಡು ಇಳಿಸಿದಾಗ ಕಣ್ಣು ಬಿಟ್ಟು, ಇಷ್ಟ ಲಗೂ ಬಂತೇನು ಅಂದ. ನಡುವಿನ ದಾರಿ ಅವಗ ಗೊತ್ತೇ ಇಲ್ಲ. ಶಾಂತೀನೂ ಹಂಗ ಮಲಗ್ಯಾಳ. ಇಳಿಸೂ ಹೊತ್ತಿಗೆ ಕರ್ತನ ಮುಖ ಕಾಣತದ ಅಕಿಗೆ.' ಅವತ್ತಿನಿಂದ ನನಗೆ ಸಾವಿನ ಭಯ ಅರ್ಧ ಹೋಯಿತು. ಸಬ್ಬತ್ತು ಎಂದರೆ ಏನೆಂದು ತಿಳಿದದ್ದೂ ಅವತ್ತೇ. ವಾರಕ್ಕೊಮ್ಮೆ ಕೈ ಬಿಟ್ಟು ಕೂತು, ಮುಗಿಯದ ಕೆಲಸವನ್ನು ಮುಗಿಯದ ಹಾಗೇ ದೇವರ ಮುಂದೆ ಇಟ್ಟು, ಸತ್ತವರೆಲ್ಲ ಏಳುವ ಆ ದೊಡ್ಡ ಬೆಳಗಿಗೆ ನಮ್ಮನ್ನು ನಾವು ರೂಢಿ ಮಾಡಿಕೊಳ್ಳುವುದು. ಅಲ್ಲಿ ಯಾರೂ ಯಾರನ್ನೂ ಬಿಟ್ಟು ಹೊರಡಬೇಕಾಗಿಲ್ಲ, ಯಾವ ಗಿರಾಕಿಯೂ ಬಾಗಿಲು ಬಡಿಯುವುದಿಲ್ಲ. ಆದರೆ ಅಪ್ಪನಿಗೆ ಅದೇ ಹೆದರಿಕೆಯೂ ಆಯಿತು. ನೀನು ಲೋಣಾವಳಕ್ಕೆ ಹೋದ ವರ್ಷ ಒಂದು ಸಲ, ಒಂದೇ ಸಲ, ನನ್ನ ಮುಂದೆ ಬಾಯಿಬಿಟ್ಟರು. 'ಆ ಬೆಳಗಿನ್ಯಾಗ ಎಲ್ಲಾರೂ ಎದ್ದು ಕೂತಾಗ ಅಮರ ಅಲ್ಲಿ ಇಲ್ಲಂದ್ರ, ಆ ಸ್ವರ್ಗಾ ತಗೊಂಡು ನಾ ಏನ ಮಾಡ್ಲಿ?' ಅಂದರು. ನಿನ್ನ ಮೇಲಿನ ಆಸೆಯೇ ಅವರ ಬಾಯಲ್ಲಿ ಬೈಗುಳವಾಗಿ ಬರುತ್ತಿತ್ತು. ಇದನ್ನು ನಿನಗೆ ಹೇಳಬೇಕಾದವರು ಅವರು. ಹೇಳುತ್ತಾರೆ, ಇವತ್ತಲ್ಲ ನಾಳೆ ಹೇಳುತ್ತಾರೆ ಎಂದು ನಾನು ಕಾದೆ, ಕಾಯುತ್ತ ಕಾಯುತ್ತ ಅವರ ನೆನಪೇ ಸವೆದುಹೋಯಿತು.

ಇನ್ನು ಜೂನ್ ತಿಂಗಳ ಆ ಬುಧವಾರ. ನೀನು ಒಳಗೆ ಕಾಲಿಟ್ಟಾಗ ಅವರು ಬಿಳಿ ಅಂಗಿಯಲ್ಲಿ ಕೂತಿದ್ದರು. ನಿನ್ನನ್ನು ನೋಡಿದ ಕೂಡಲೇ ಎದ್ದು ನಿಂತರು. ನಿನಗಾಗಿ ಅವರು ಎದ್ದು ನಿಂತದ್ದನ್ನು ನಾನು ಎಂದೂ ನೋಡಿದ್ದಿಲ್ಲ. 'ಅಂಗಡಿ ಮುಚ್ಚಿ ಬಂದಿಯೇನಪಾ ಸಬ್ಬತ್ತಿಗೆ?' ಎಂದು ನಿನ್ನ ಎರಡೂ ಕೈ ಹಿಡಿದುಕೊಂಡರು. ನೀನು ನನ್ನ ಮುಖ ನೋಡಿದೆ, ನಾನು ಸುಮ್ಮನಿರು ಎಂದು ಕಣ್ಸನ್ನೆ ಮಾಡಿದೆ. ಪಕ್ಕದಲ್ಲಿ ಕೂಡಿಸಿಕೊಂಡು ವಾಕ್ಯ ಓದಿಸಿದರು. ನೀನು ಚಿಕ್ಕವನಿದ್ದಾಗ ಓದುತ್ತಿದ್ದ ಹಾಗೇ ಓದಿದೆ, ಅದೇ ಕಡೆ ಉಸಿರು ತೆಗೆದುಕೊಂಡೆ. ಮಧ್ಯಾಹ್ನ ಕಟಕ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ ಇಟ್ಟೆ. ಎಲ್ಲ ಹಿಂದಿನ ದಿನದ್ದು, ಆದರೂ ಅವರು ಅವತ್ತು ಹೊಟ್ಟೆ ತುಂಬ ಉಂಡರು. ಅಷ್ಟರಲ್ಲಿ ನಿಜಲಿಂಗಪ್ಪನವರು ಬಂದರು. 'ನೋಡ್ರಿ, ನನ್ನ ಮಗ ಅಂಗಡಿ ಮುಚ್ಚಿ ಸಬ್ಬತ್ತಿಗೆ ಬಂದಾನ' ಎಂದು ಹೇಳಿ ಅಪ್ಪ ನಿನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಲು ಶುರುಮಾಡಿದರು. ನೀನು ಆ ಕೈ ತೆಗೆದೆ. 'ಅಪ್ಪಾ, ಇವತ್ತ ಬುಧವಾರ. ಮೊನ್ನಿ ಶನಿವಾರ ನನ್ನ ಅಂಗಡಿ ತೆರೆದಿತ್ತು, ಬರೂ ಶನಿವಾರನೂ ತೆರೆದಿರತದ. ನನ್ನ ಪಾಲಿಂದಲ್ಲದ ಆಶೀರ್ವಾದ ನನಗ ಬ್ಯಾಡ' ಅಂದೆ. ಕೈಯನ್ನೂ ತೊಳೆಯದೆ ಚಪ್ಪಲಿ ಮೆಟ್ಟಿ ಹೋದೆ.

ನಿನ್ನನ್ನು ಬಯ್ಯಬೇಕೆಂದು ಕೂತರೆ ನನಗೆ ಬಯ್ಯಲಾಗುವುದಿಲ್ಲ. ಸುಳ್ಳಿನ ಆಶೀರ್ವಾದ ಬೇಡ ಎಂದು ಕೈ ತೆಗೆಯುವ ಗುಣ ನಿನಗೆ ಎಲ್ಲಿಂದ ಬಂತು ಹೇಳು? ಬಾಗಿಲಿಗೆ ಅಡ್ಡ ಕುರ್ಚಿ ಹಾಕಿದವರಿಂದಲೇ ಬಂತು. ಇಬ್ಬರೂ ಒಂದೇ ಥಾನಿನ ಗಂಜಿ ಹಾಕಿದ ಅರಿವೆ, ಮಡಚಿದರೆ ಮುರಿಯುತ್ತೀರಿ. ಆದರೆ ಅಮರ, ಮುದಿ ಅಪ್ಪ ಮಗುವಾಗಿ ನಿನ್ನ ಮುಂದೆ ಕೂತಿದ್ದರಪ್ಪಾ. ಹೂಂ ಎಂದಿದ್ದರೆ ದೇವರು ಆ ಸುಳ್ಳನ್ನು ನಿನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತಿರಲಿಲ್ಲ, ನಾನು ನನ್ನ ಲೆಕ್ಕಕ್ಕೆ ಬರೆಸಿಕೊಳ್ಳುತ್ತಿದ್ದೆ. ನೀನು ಹೋದ ಮೇಲೆ ಅವರು ನಿನ್ನ ತಾಟಿನ ಮುಂದೆ ತುಂಬಾ ಹೊತ್ತು ಕೂತಿದ್ದರು. ಸಂಜೆ ನೀತಾ ಬಂದು ಎಬ್ಬಿಸಿ ಕೈ ತೊಳೆಸಿದಳು. ಅದಾದ ಮೇಲೂ ಬುಧವಾರ ಬಿಟ್ಟಿಲ್ಲ. ಬೆಳಗ್ಗೆ ಬಿಳಿ ಅಂಗಿ ತೊಟ್ಟು, ಸೊಸೈಟಿಯ ಗೇಟು ಕಾಣುವ ಕಿಟಕಿಗೆ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಯಾರಾದರೂ ಗಾಡಿ ನಿಲ್ಲಿಸಿದರೆ ಅರ್ಧ ಏಳುತ್ತಾರೆ. ನಿನ್ನೆಯೂ ಹಾಗೇ ಎದ್ದು ಎದ್ದು ಕೂತು, ಕೊನೆಗೆ ಕೂತಲ್ಲೇ ನಿದ್ದೆ ಹೋದರು. ಅವರ ತಲೆಗೆ ದಿಂಬು ಕೊಡುವಾಗ ನನಗೆ ಈ ಕಾಗದ ಬರೆಯುವ ಯೋಚನೆ ಬಂತು.

ಬಾ ಎಂದು ಒತ್ತಾಯ ಮಾಡುವುದಿಲ್ಲ. ಒತ್ತಾಯದಿಂದ ಈ ಮನೆಯಲ್ಲಿ ಏನು ಉದ್ಧಾರವಾಯಿತೆಂದು ನೋಡಿದ್ದೇವಲ್ಲ. ಶನಿವಾರ ಅಂಗಡಿ ಮುಚ್ಚು ಎಂದೂ ಹೇಳುವುದಿಲ್ಲ, ಅದು ನಿನಗೂ ದೇವರಿಗೂ ಬಿಟ್ಟದ್ದು. ನಮ್ಮ ಸಭೆಯಲ್ಲಿ ವಾರ ವಾರವೂ ಹಾಡುವ ಆ ನಿತ್ಯದ ವಿಶ್ರಾಂತಿಗೆ ಹೋಗುವ ಮೊದಲು ಇಲ್ಲಿಯೇ ಒಂದು ಮಧ್ಯಾಹ್ನ ನೀವಿಬ್ಬರೂ ಒಂದೇ ಖೋಲಿಯಲ್ಲಿ ಸುಮ್ಮನೆ ಕೂತದ್ದನ್ನು ನೋಡಬೇಕೆಂದು ನನಗೆ ಆಸೆ, ಅಷ್ಟೇ. ಆ ಆಸೆಯೂ ಈಗ ಕೈಮೀರಿತೋ ಏನೋ ಎಂದು ರಾತ್ರಿ ಎದ್ದು ಕೂಡುತ್ತೇನೆ.

ಮಾಧುರಿಗೂ ಹರ್ಷದಾಳಿಗೂ ನನ್ನ ಆಶೀರ್ವಾದ ತಿಳಿಸು. ಬರುವುದಾದರೆ ಮಳೆಯಲ್ಲಿ ಹೈವೇ ಮೇಲೆ ಗಾಡಿ ತರಬೇಡ, ಲೋಕಲ್ ರೈಲೇ ಒಳ್ಳೆಯದು. ಸೊಂಟಕ್ಕೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಸಿಕೋ. ನೀನು ಸಿಟ್ಟಿನಲ್ಲಿದ್ದರೂ ಇಲ್ಲದಿದ್ದರೂ ಕರ್ತನು ನಿನ್ನನ್ನು ತನ್ನ ರೆಕ್ಕೆಯ ಕೆಳಗೆ ಇಟ್ಟುಕೊಳ್ಳಲಿ.

ನಿನ್ನ ದಾರಿ ಕಾಯುವ,
ಅವ್ವ

ತಾ. ಕ.: ಶುಕ್ರವಾರ ಸಂಜೆ. ನಿನ್ನೆ ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಹೊತ್ತು ಮುಳುಗುವುದರೊಳಗೆ ಬರೆದು ಮುಗಿಸಬೇಕು. ಈಗ ನಾಳೆಗೆ ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, 'ನಿಮ್ಮ ಸಬ್ಬತ್ತು ಬಂತಲ್ಲ' ಅಂದರು. ನಮ್ಮದು ಅಂದರೆ, ನಿಮ್ಮದಲ್ಲವೇ ಎಂದು ಕೇಳಿದೆ. 'ನಂದು ಬುಧವಾರ. ಅಮರಗ ಶನಿವಾರ ಬರಾಕ ಆಗಂಗಿಲ್ಲ. ಬುಧವಾರ ಅವನ ಅಂಗಡಿ ಮುಚ್ಚಿರತದ' ಅಂದರು. ನನ್ನ ಕೈಯಲ್ಲಿ ಹಿಟ್ಟು ಹಾಗೇ ಉಳಿಯಿತು. ದೇವರ ದಿನವನ್ನು ನಾವು ಸರಿಸಬಹುದೇ ಎಂದೆ. 'ದೇವರಿಗೆ ಹೇಳೀನಿ' ಅಂದರು. 'ಅಂವ ಅಲ್ಲಿ ದುಡಿಯೂ ದಿನ ನಾ ಇಲ್ಲಿ ಕೈಕಟ್ಟಿ ಹೆಂಗ ಕೂಡ್ಲಿ? ತಪ್ಪಂದ್ರ ಇಬ್ಬರದೂ ತಪ್ಪು. ಶಿಕ್ಷಾ ಆದ್ರ ಇಬ್ಬರಿಗೂ ಕೂಡೇ ಆಗಲಿ ಅಂದೀನಿ.' ಇದು ಅವರ ನೆಟ್ಟಗಿನ ಹೊತ್ತೋ ಮರೆವಿನ ಹೊತ್ತೋ ಎಂದು ನಾನು ನೋಡುತ್ತಿರುವಾಗಲೇ, 'ನೀವು ಯಾರ ಮನಿಯವರವ್ವಾ, ನನ್ನ ಮಗ ಬಂದಾನೇನು?' ಎಂದು ಕೇಳಿದರು. ಬುಧವಾರ ಬರುತ್ತಾನೆ ಎಂದು ಹೇಳಿಬಿಟ್ಟೆ ಅಮರ. ನಂಬಿ, ಹೋಗಿ ಮಲಗಿದ್ದಾರೆ.